ಸಮುದ್ರದ ದಂಡೆಯಲ್ಲಿ ಬೀಗರೂಟ

ಎಲ್ಲಿಗೂ ಹೋಗಬೇಕಾಗಿಲ್ಲದ ಜನ ಅಷ್ಟೊಂದು ಅವಸರದಲ್ಲಿ ನಡೆಯುವುದನ್ನು ನಾನು ಮೊದಲು ಕಂಡದ್ದು ಮದರಾಸಿನ ಬೆಸೆಂಟ್ ನಗರದಲ್ಲಿ. ಬಂದ ಮಾರನೆಯ ಬೆಳಗ್ಗೆ, ಗಂಟುಮೂಟೆ ಇನ್ನೂ ಬಿಚ್ಚಿರಲಿಲ್ಲ, ಹಾಲು ಹುಡುಕಿಕೊಂಡು ಬೀದಿಗೆ ಇಳಿದೆ. ಬಿಳಿ ಚಡ್ಡಿ ತೊಟ್ಟ ಹಿರಿಯರು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದ ಹೆಂಗಸರು, ಒಬ್ಬರ ಹಿಂದೊಬ್ಬರು ಸಮುದ್ರದ ಕಡೆಗೆ ದಾಪುಗಾಲು ಹಾಕುತ್ತಿದ್ದರು. ಒಬ್ಬರ ಮುಖದಲ್ಲೂ ನಗುವಿಲ್ಲ. ಅಕ್ಕಿಹೆಬ್ಬಾಳಿನವನಾದ ನನಗೆ ಹೊಳೆದದ್ದು ಒಂದೇ: ಹೆಣ ತೇಲಿಬಂದಿದೆ. ನಮ್ಮೂರಲ್ಲಿ ಬೆಳಗಿನ ಹೊತ್ತು ಜನ ಹೀಗೆ ಗಂಭೀರವಾಗಿ ನೀರಿನ ಕಡೆ ಹೊರಟರೆಂದರೆ ಹೇಮಾವತಿಯಲ್ಲಿ ಏನೋ ಸಿಕ್ಕಿದೆ ಎಂದೇ ಅರ್ಥ. ನಾನೂ ಹಾಲಿನ ಪಾತ್ರೆ ಹಿಡಿದು ಹಿಂದೆಯೇ ಓಡಿದೆ. ಅವರು ರಸ್ತೆಯ ತುದಿಯವರೆಗೆ ಹೋದರು, ಅಲ್ಲಿದ್ದ ಕಟ್ಟೆಯನ್ನು ಕೈಯಿಂದ ಮುಟ್ಟಿದರು, ತಿರುಗಿ ಅದೇ ವೇಗದಲ್ಲಿ ವಾಪಸ್ಸು ಬಂದರು. ಸಮುದ್ರವನ್ನು ಒಬ್ಬರೂ ನೋಡಲಿಲ್ಲ. ನಾನು ಒಬ್ಬ ಹಿರಿಯರನ್ನು ತಡೆದು, ಧ್ವನಿ ತಗ್ಗಿಸಿ, 'ಯಾರು ಸಾರ್ ಹೋದದ್ದು?' ಎಂದು ಕನ್ನಡದಲ್ಲೇ ಕೇಳಿದೆ. ಅವರು ನನ್ನನ್ನು ನೋಡಿದರು, ನನ್ನ ಪಾತ್ರೆಯನ್ನು ನೋಡಿದರು, ಹಾಲಿನ ಬೂತಿನ ದಿಕ್ಕಿಗೆ ಬೆರಳು ತೋರಿಸಿ ನಡೆದುಬಿಟ್ಟರು.

ಊರಿನ ಕಡೆಯ ಓದುಗರಿಗೆ ನಾನು ಇಲ್ಲಿಗೆ ಬಂದ ಕಾರಣವನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಪಾಂಡವಪುರದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ನಾನು ಬಾಯ್ಲರಿನ ಮೇಲ್ವಿಚಾರಕನಾಗಿದ್ದೆ. ಅಂಥ ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವ ಮದರಾಸಿನ ಕಂಪನಿಯವರು ಕರೆದರು. ಸಂಬಳ ಹೆಚ್ಚು, ಹೊಗೆ ಕಡಿಮೆ. ಹೆಂಡತಿ ಜಯಮ್ಮ, ಮಗಳು ಸುಜಾತ, ಒಂದು ಒರಳುಕಲ್ಲು, ಇಷ್ಟನ್ನು ಕರೆದುಕೊಂಡು ರೈಲು ಹತ್ತಿದೆ. ಈಗ ಆ ಊರಿನ ಹೆಸರನ್ನೇ ಚೆನ್ನೈ ಎಂದು ಬದಲಿಸಿದ್ದಾರೆ. ನಾನು ಬಂದದ್ದು ಮದರಾಸಿಗೆ, ಆದ್ದರಿಂದ ಹಾಗೆಯೇ ಬರೆಯುತ್ತೇನೆ.

ಮನೆ ಹುಡುಕುವಾಗ ಮೊದಲು ಕಲಿತ ವಿದ್ಯೆ ಗೇಟಿನ ಮೇಲಿನ ಬೋರ್ಡು ಓದುವುದು. ಒಂದು ಬೋರ್ಡು ನಾಯಿ ಇದೆ ಎನ್ನುತ್ತಿತ್ತು, ಅದರ ಕೆಳಗಿನದು ಮನೆ ಬಾಡಿಗೆಗಿದೆ ಎನ್ನುತ್ತಿತ್ತು, ಇನ್ನೂ ಕೆಳಗೆ ಸಣ್ಣಕ್ಷರದಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ'. ಎಷ್ಟೋ ಗೇಟುಗಳನ್ನು ಹೀಗೆ ಓದಿ ಮುಂದೆ ಹೋದ ಮೇಲೆ ಸೌಂದರರಾಜನ್ ಎಂಬ ನಿವೃತ್ತ ಅಧಿಕಾರಿಗಳ ಮಹಡಿ ಮನೆ ಸಿಕ್ಕಿತು. ಬಾಲ್ಕನಿಯಲ್ಲಿ ನಿಂತು ವಸಿ ಕತ್ತು ಚಾಚಿದರೆ ಸಮುದ್ರ. ಅವರು ಕೆಳಗಿನ ಮನೆಯಲ್ಲೇ ಇದ್ದರು. 'ಊರು?' ಎಂದರು. ಅಕ್ಕಿಹೆಬ್ಬಾಳು ಎಂದರೆ ತಿಳಿಯಲಾರದೆಂದು ಪಾಂಡವಪುರ ಎಂದೆ.

'ಅಪ್ಪಡಿಯಾ! ಮೇಲುಕೋಟೆ ಪಕ್ಕ! ನಮ್ಮ ಮನೆದೇವರು ಅಲ್ಲೇ ಇರೋದು. ವರ್ಷಕ್ಕೆ ಒಂದು ತಡವೆ ಬರೋದುಂಟು' ಎಂದು, ದೇವಸ್ಥಾನಕ್ಕೆ ಹೋಗಿ ಬಂದು ಕಲಿತ ಕನ್ನಡದಲ್ಲಿ ಹೇಳಿ, ಕಣ್ಣು ಮುಚ್ಚಿ ಕೈ ಮುಗಿದರು. ಮುಗಿದದ್ದು ಪೂರ್ವಕ್ಕೆ, ಸಮುದ್ರದ ಕಡೆಗೆ. ಮೇಲುಕೋಟೆ ಇರುವುದು ಪಶ್ಚಿಮಕ್ಕೆ. ಬಾಡಿಗೆಗೆ ಬಂದವನು ಮನೆಯ ಯಜಮಾನರ ದಿಕ್ಕು ತಿದ್ದಬಾರದೆಂದು ಸುಮ್ಮನಾದೆ. 'ಒಂದೇ ಒಂದು ವಿಷಯ. ಮನೆ ಒಳಗೆ ಆ ಸಮಾಚಾರ ಬೇಯಬಾರದು' ಎಂದರು. ಬೇಯುವುದಿಲ್ಲ ಎಂದೆ. ನಾನು ತಿನ್ನುವವನೋ ಅಲ್ಲವೋ ಎಂದು ಅವರು ಕೇಳಲಿಲ್ಲ. ಮೇಲುಕೋಟೆಯ ಪಕ್ಕದವನು ಎಂದ ಮೇಲೆ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಬೆಸೆಂಟ್ ನಗರದ ಸಮುದ್ರಕ್ಕೆ ಮೂರು ಪಾಳಿಯ ಜನ. ಬೆಳಗಿನ ಪಾಳಿ ನಾನು ಆಗಲೇ ಹೇಳಿದ ನಡೆಯುವವರದು. ಮಧ್ಯಾಹ್ನದ ಪಾಳಿ ಕಾಗೆಗಳದ್ದು, ಮತ್ತು ಉತ್ತರದ ತುದಿಯ ಕುಪ್ಪದವರದು. ಕುಪ್ಪಂ ಎಂದರೆ ಬೆಸ್ತರ ಕೇರಿ. ಅವರು ಕಟ್ಟುಮರಗಳನ್ನು, ಅಂದರೆ ಹಗ್ಗದಿಂದ ಬಿಗಿದ ಮರದ ದಿಮ್ಮಿಗಳ ದೋಣಿಗಳನ್ನು, ಮರಳಿಗೆ ಎಳೆದು ಹಾಕಿ ಬಲೆ ಸರಿಮಾಡಿಕೊಳ್ಳುತ್ತಾರೆ. ಸಂಜೆಯ ಪಾಳಿಗೆ ಇಡೀ ಬಡಾವಣೆ ಇಳಿದು ಬರುತ್ತದೆ. ಇದಕ್ಕೆ ಇಲ್ಲಿನವರು 'ಕಾತ್ತು ವಾಂಗುವುದು' ಎನ್ನುತ್ತಾರೆ, ಅಂದರೆ ಗಾಳಿ ಕೊಳ್ಳುವುದು. ಒಂದೊಂದು ಸಂಸಾರವೂ ಬೆಡ್‌ಶೀಟು ಹಾಸಿ, ಪಕ್ಕದ ಸಂಸಾರಕ್ಕೆ ಬೆನ್ನು ಹಾಕಿ ಕೂರುತ್ತದೆ. ಸುಂಡಲ್ ಬರುತ್ತದೆ: ಬೇಯಿಸಿದ ಬಟಾಣಿಗೆ ಮಾವಿನಕಾಯಿ, ತೆಂಗಿನಕಾಯಿ ಹೆರೆದು ಹಾಕಿ, ಪೇಪರಿನ ಪೊಟ್ಟಣ ಕಟ್ಟಿದ್ದು. ಮೆಣಸಿನಕಾಯಿ ಬಜ್ಜಿ ಬರುತ್ತದೆ. ಬಲೂನಿಗೆ ಗುಂಡು ಹೊಡೆಸುವ ಪುಣ್ಯಾತ್ಮ ಬರುತ್ತಾನೆ. ಹೆಂಗಸರು ಸೀರೆಯ ನೆರಿಗೆಯನ್ನು ವಸಿ ಮೇಲೆತ್ತಿ, ಅಲೆ ಬಂದಾಗ ಪಾದ ತೋರಿಸಿ, ಕಿರುಚಿ, ಹಿಂದೆ ಓಡುತ್ತಾರೆ. ಸ್ನಾನ ಮಾಡುವವರು ಯಾರೂ ಇಲ್ಲ.

ನಮಗೆ ನೀರೆಂದರೆ ಕೆಲಸ. ಹೊಳೆಗೆ ಹೋದವನು ಎತ್ತು ತೊಳೆಯಬೇಕು, ಬಟ್ಟೆ ಒಗೆಯಬೇಕು, ತಾನು ಮೀಯಬೇಕು, ಬರುವಾಗ ಒಂದು ಬಿಂದಿಗೆ ಹೊತ್ತು ತರಬೇಕು. ಬರಿಗೈಯಲ್ಲಿ ಹೊಳೆ ದಂಡೆಯಲ್ಲಿ ಕೂತವನನ್ನು ನಮ್ಮೂರಲ್ಲಿ 'ಯಾಕ್ಲಾ, ಮನೇಲೇನಾದ್ರೂ ಆಯ್ತೇನ್ಲಾ?' ಎಂದು ಕೇಳುತ್ತಾರೆ. ಈ ಸಂಸ್ಕಾರವನ್ನು ಹೊತ್ತು ನಾನು ಮೊದಲ ಭಾನುವಾರ ಸೋಪು, ಟವೆಲು, ಮೈ ಉಜ್ಜುವ ಕಲ್ಲಿನ ಸಮೇತ ಸಮುದ್ರಕ್ಕೆ ಇಳಿದೆ. ಸೋಪು ನೊರೆ ಬಿಡಲಿಲ್ಲ. ಎಷ್ಟು ಉಜ್ಜಿದರೂ ಜಿಗುಟು. ತಲೆ ಎತ್ತಿದರೆ ನಡೆಯುವವರೆಲ್ಲ ನಿಂತಿದ್ದರು. ಅವರು ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎದುರಿಗೆ ಇಷ್ಟು ನೀರಿದ್ದೂ ಕುಡಿಯಲು ನೀರಿಲ್ಲ. ಅದು ಲಾರಿಯಲ್ಲಿ ಬರುತ್ತದೆ. ಕುಡಂ ಎಂದರೆ ಪ್ಲಾಸ್ಟಿಕ್ ಬಿಂದಿಗೆ. ಬಣ್ಣಬಣ್ಣದ ಕುಡಗಳು ಸಾಲುಗಟ್ಟಿ ನಿಂತಿರುತ್ತವೆ. ಲಾರಿ ಬಾರದ ದಿನ ಬೀದಿಯವರು ನನ್ನ ಕಡೆ ನೋಡುತ್ತಾರೆ. 'ಏನ್ ಸಾರ್, ನಿಮ್ಮೂರಿಂದ ತಣ್ಣಿ ಯಾವಾಗ?' ಎಂದು ಕೇಳುವಾಗ, ಅಣೆಕಟ್ಟೆಯ ಬಾಗಿಲಿನ ಬೀಗದಕೈ ನನ್ನ ಉಡಿದಾರದಲ್ಲೇ ಇದೆ ಎಂಬ ಭಾವ. ಊರಿಗೆ ಹೋದರೆ ಅಣ್ಣ ಕೇಳುತ್ತಾನೆ, 'ಎಲ್ಲಾ ನೀರೂ ನಿಮ್ಗೇ ಬುಟ್ಬುಟ್ವಲ್ಲೋ, ಇನ್ನೂ ಸಾಲ್ದಾ?' ಎರಡು ಕಡೆಗೂ ನಾನೇ ಬಾಧ್ಯಸ್ಥ. ಈ ಲಾರಿಯ ಸಾಲಿನಲ್ಲೇ ನನ್ನ ಮೊದಲ ವಿಜಯವೂ ಆಯಿತು. ಕುಡವನ್ನು ಒದ್ದು ಮುಂದೆ ನುಗ್ಗಿದವನಿಗೆ ನಾನು ತಮಿಳಿನಲ್ಲಿ ಬೈದೆ. ಅವನು ತಿರುಗಿ ಬೈದ. ನನಗೆ ಅರ್ಥವಾಯಿತು. ಮನೆಗೆ ಬಂದು ಜಯಮ್ಮನಿಗೆ ಹೇಳಿದಾಗ ಪಾಯಸ ಮಾಡುವಷ್ಟು ಸಂತೋಷಪಟ್ಟಳು.

ಆದರೆ ಭಾನುವಾರ ಬಂತೆಂದರೆ ಅವಳು ಮಂಕಾಗುತ್ತಿದ್ದಳು. ಊರಿನಲ್ಲಿ ಭಾನುವಾರ ಹೊತ್ತೇರುವುದರೊಳಗೆ ಬೀದಿಯೆಲ್ಲ ಮಸಾಲೆ ಹುರಿದ ವಾಸನೆ. ಯಾರ ಮನೆಯಲ್ಲಿ ಕೋಳಿ, ಯಾರ ಮನೆಯಲ್ಲಿ ಕುರಿ ಎಂದು ಬಾಗಿಲಲ್ಲಿ ನಿಂತೇ ಹೇಳಬಹುದು. ಇಲ್ಲಿ ಭಾನುವಾರಕ್ಕೂ ಮಂಗಳವಾರಕ್ಕೂ ಅದೇ ಕಾಫಿ ಡಿಕಾಕ್ಷನ್ನಿನ ವಾಸನೆ. 'ಈ ಜನಕ್ಕೆ ಭಾನ್ವಾರ ಅನ್ನದೇ ಇಲ್ವಾ?' ಎಂದು ಜಯಮ್ಮ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದಳು. ಸಂಬಳದ ನಂತರದ ಭಾನುವಾರ ಬಸ್ಸು ಹತ್ತಿ ದೂರದ ಮಿಲಿಟರಿ ಹೋಟೆಲಿಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಉಂಡು, ವಾಪಸ್ಸು ಬರುವಾಗ ಸಮುದ್ರದ ದಂಡೆಯುದ್ದಕ್ಕೂ ನಡೆದು ಬರುತ್ತಿದ್ದೆವು. ಬಟ್ಟೆಯ ವಾಸನೆ ಗಾಳಿಗೆ ಹೋಗಲಿ ಎಂದು. ಯಜಮಾನರು ಗೇಟಿನಲ್ಲಿ ಸಿಕ್ಕರೆ 'ಕಾತ್ತು ವಾಂಗಿ ಬಂದಿರಾ?' ಎನ್ನುತ್ತಿದ್ದರು. ಹೌದು ಎನ್ನುತ್ತಿದ್ದೆ. ಊರಿನಲ್ಲಿ ಮಾತ್ರ ನಾನು ಬೇರೆಯೇ ಮನುಷ್ಯ. ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ, 'ಸಮುದ್ರದ ಎದುರಿಗೇ ಮನೆ. ಕಿಟಕಿ ತೆಗೆದರೆ ಅಲೆ' ಎಂದು ಹೇಳಿ ಟೀ ಕುಡಿಸುತ್ತಿದ್ದೆ. ಕಿಟಕಿ ತೆಗೆದು ಏನು ಬೇಯಿಸುತ್ತೀರಿ ಎಂದು ಯಾರೂ ಕೇಳಲಿಲ್ಲ.

ಹೀಗೇ ವರ್ಷಗಳು ಕಳೆದು, ದೊಡ್ಡವಳಾದ ಸುಜಾತಳಿಗೆ ಬೆಳ್ಳೂರಿನ ಕಡೆಯ ಸಂಬಂಧ ಕೂಡಿಬಂತು. ಹುಡುಗನದು ಬೆಳ್ಳೂರು ಕ್ರಾಸಿನಲ್ಲಿ ಟ್ರಾಕ್ಟರು ಬಿಡಿಭಾಗಗಳ ಅಂಗಡಿ. ಅವನ ತಂದೆ ಬೋರೇಗೌಡರು, ನನ್ನ ಬೀಗರು, ಹತ್ತಿರದ ಹಳ್ಳಿಯಲ್ಲಿ ಹೊಲ, ಹಸು ಮತ್ತು ದೊಡ್ಡ ಗಂಟಲು ಇರುವ ಮನುಷ್ಯ. ಮದುವೆ ಶ್ರೀರಂಗಪಟ್ಟಣದ ಒಂದು ಛತ್ರದಲ್ಲಿ ನಡೆಯಿತು.

ನಮ್ಮ ಸೀಮೆಯಲ್ಲಿ ತಾಳಿ ಕಟ್ಟಿದ ಕೂಡಲೇ ಮದುವೆ ಮುಗಿಯುವುದಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ. ಛತ್ರದ ಪಾಯಸದ ಊಟ ದೇವರಿಗೆ, ಪುರೋಹಿತರಿಗೆ. ನೆಂಟರಿಗೆ ಬೀಗರೂಟ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಮನೆಗೆ ಕರೆದು, ಕುರಿ ಬೇಯಿಸಿ, ಮುದ್ದೆ ಕಟ್ಟಿ, ಸಾಕು ಸಾಕು ಎನ್ನುವವರೆಗೆ ಬಡಿಸಬೇಕು. ಬಡಿಸುವವರು ಬೀಗರ ಜೊತೆ ಕೂರುವಂತಿಲ್ಲ. ಕೂತವರು ಬಾಯಿ ಮುಚ್ಚಿ ಉಣ್ಣುವಂತಿಲ್ಲ. ಖಾರ ಎಲ್ಲಿ, ತುಂಡು ಎಲ್ಲಿ, ಈ ಕುರಿ ಉಪವಾಸದಿಂದ ಸತ್ತದ್ದೋ ಎಂದು ಹಂಗಿಸುವುದು ಅವರ ಹಕ್ಕು. ಹಂಗಿಸಿಕೊಂಡು ನಗುವುದು ನಮ್ಮ ಕರ್ತವ್ಯ. ಆ ಊಟ ಕೆಟ್ಟರೆ ಹುಡುಗಿ ಅತ್ತೆಯ ಮನೆಯಲ್ಲಿ ಅದನ್ನು ಜೀವಮಾನವಿಡೀ ಕೇಳುತ್ತಾಳೆ. ಅದರಲ್ಲೂ ನಮ್ಮ ಸುಜಾತ ಆ ಮಹಡಿಮನೆಯಲ್ಲಿ ಬೆಳೆದವಳು, ಮಾಂಸದ ಅಡುಗೆಯನ್ನು ಕಣ್ಣಿನಿಂದಲೂ ಕಲಿತವಳಲ್ಲ.

ಛತ್ರದಲ್ಲಿ ತಾಂಬೂಲ ಹಾಕಿಕೊಳ್ಳುತ್ತಾ ಬೋರೇಗೌಡರು ಎತ್ತಿಕೊಂಡರು. 'ಬೀಗ್ರೆ, ಬೀಗರೂಟ ಎಲ್ಲಿ ಮಡಗ್ತೀರಿ?'

'ಅಕ್ಕಿಹೆಬ್ಬಾಳಲ್ಲೇ. ನಮ್ಮಣ್ಣನ ಮನೆ ತಾವ.'

'ಅದ್ಯಾಕೆ? ಸಮುದ್ರದ್ ಎದ್ರಿಗೇ ಮನೆ ಅಂತ ಕೆ.ಆರ್. ಪೇಟೆಗೆಲ್ಲ ಗೊತ್ತು. ನಮ್ಮವ್ರು ಒಬ್ರೂ ಸಮುದ್ರ ನೋಡಿಲ್ಲ. ಮಟಾಡೋರ್ ಮಾಡ್ಕಂಡ್ ಬಂದ್ಬುಡ್ತೀವಿ. ಉಂಡಂಗೂ ಆಯ್ತು, ನೋಡ್ದಂಗೂ ಆಯ್ತು.'

ಜಯಮ್ಮ ಹಿಂದಿನಿಂದ ನನ್ನ ಬೆನ್ನು ಚಿವುಟಿದಳು. ನಾನು ಸಮುದ್ರದ ಮಾಲೀಕನ ಗತ್ತಿನಲ್ಲಿ, 'ಅದಕ್ಕೇನಂತೆ, ಬನ್ನಿ' ಎಂದುಬಿಟ್ಟೆ.

ಮದರಾಸಿಗೆ ಬಂದು ಗಂಡಹೆಂಡಿರು ಮುಖ ಮುಖ ನೋಡಿಕೊಂಡೆವು. ಯಜಮಾನರನ್ನು ಒಂದು ದಿನದ ಮಟ್ಟಿಗೆ ಅಪ್ಪಣೆ ಕೇಳೋಣವೆಂದರೆ, ಕೇಳುವುದು ಎಂದರೆ ಇಷ್ಟು ವರ್ಷ ನಾವು ಯಾರಾಗಿದ್ದೆವು ಎಂದು ಹೇಳುವುದು. ಹೋಟೆಲಿನಲ್ಲಿ ಉಣಿಸಿದರೆ ಬೀಗರು ಎದ್ದು ಹೋಗಲು ಅಷ್ಟೇ ಸಾಕು. ಕೊನೆಗೆ ನನ್ನ ತಲೆಗೆ ಹೊಳೆದದ್ದು ಸಮುದ್ರ. ಹೊಳೆ ದಂಡೆಯಲ್ಲಿ ಕಲ್ಲು ಹೂಡಿ ಬೇಯಿಸಿ ಉಣ್ಣುವುದು ನಮಗೇನು ಹೊಸದೇ? ಎಸ್‌ಟಿಡಿ ಬೂತಿನಿಂದ ಬೋರೇಗೌಡರಿಗೆ ಫೋನು ಮಾಡಿ ಘನವಾಗಿ ಹೇಳಿದೆ: 'ಇಲ್ಲಿ ದೊಡ್ಡ ಮನೆತನದವ್ರೆಲ್ಲ ಬೀಗರಿಗೆ ಬೀಚ್ನಲ್ಲೇ ಉಣ್ಸೋದು. ಅದೇ ಪದ್ಧತಿ.'

'ಆಗ್ಲಿ ಬೀಗ್ರೆ, ನಿಮ್ ಊರ್ ಪದ್ಧತಿ ನಿಮ್ಗೆ' ಎಂದರು.

ಕುಪ್ಪದ ಆಚೆ, ನಡೆಯುವವರು ಬಾರದ ಜಾಗದಲ್ಲಿ, ಕಟ್ಟುಮರಗಳ ಮರೆ ಇತ್ತು. ಅಲ್ಲಿ ಒಲೆ ಹೂಡಲು ಮೀನು ಮಾರುವ ಕನ್ನಿಯಮ್ಮನನ್ನು ಕೇಳಿದೆ. ಆಕೆ ನನ್ನ ಇಸ್ತ್ರಿ ಮಾಡಿದ ಷರಟನ್ನು ನೋಡಿ, 'ವೀಡು ಇಲ್ಲಿಯಾ?' ಎಂದಳು. ನಿನಗೆ ಮನೆ ಇಲ್ಲವೇ ಎಂದು. 'ಇರುಕ್ಕು' ಎಂದೆ. ಇದೆ ಎಂದು. ಆಕೆ ಮತ್ತೇನೂ ಕೇಳದೆ ಒಂದು ಹೊರೆ ಸೌದೆ ತೋರಿಸಿದಳು.

ಅಡುಗೆಗೆ ಜಯಮ್ಮನ ತಮ್ಮ ನಿಂಗಣ್ಣ ಅಕ್ಕಿಹೆಬ್ಬಾಳಿನಿಂದ ಮುದ್ದೆ ತಿರುವುವ ಹಿಟ್ಟಿನ ದೊಣ್ಣೆಯ ಸಮೇತ ಬಂದ. ಹೇಮಾವತಿಯ ದಂಡೆಯಲ್ಲಿ ಅವನು ಬೇಯಿಸದ ಊಟವಿಲ್ಲ. ಕುರಿಯ ಮಾಂಸವನ್ನು ನಾನು ದೂರದ ಅಂಗಡಿಯಿಂದ ತಂದು, ಸ್ಕೂಟರಿನಲ್ಲಿ ನೇರ ಕುಪ್ಪಕ್ಕೆ ಮುಟ್ಟಿಸಿದೆ. ಮಸಾಲೆಯನ್ನು ಜಯಮ್ಮ ಮನೆಯಲ್ಲೇ ಅರೆದಳು. ಮಸಾಲೆಗೆ ಜಾತಿ ಇಲ್ಲವಲ್ಲ.

ಮಟಾಡೋರು ಬೆಳಗ್ಗೆ ಬಂತು. ಇಡ್ಲಿ, ಕೇಸರಿಬಾತು ಆಯಿತು. ಬೀಗಿತ್ತಿ, ಅಂದರೆ ಬೋರೇಗೌಡರ ಹೆಂಡತಿ, ಅಡುಗೆಮನೆಗೆ ಹೋಗಿ ಸುತ್ತ ನೋಡಿದರು. 'ಏನ್ ಬೀಗಿತ್ತಿ, ಬೀಗರೂಟದ್ ಮನೆ ಅಂತೀರಿ, ದೇವ್ರ್ ಮನೆ ಇದ್ದಂಗ್ ಐತೆ!' ಎಂದರು. ಜಯಮ್ಮ, 'ಎಲ್ಲಾ ಬೀಚ್ ತಾವ ನಡೀತಾ ಐತೆ' ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಬಿಸಿಲು ಇಳಿದ ಮೇಲೆ ಎಲ್ಲರನ್ನೂ ದಂಡೆಗೆ ಕರೆದುಕೊಂಡು ಹೋದೆ. ಹೆಂಗಸರು ಸಮುದ್ರಕ್ಕೆ ಅರಿಶಿನ ಕುಂಕುಮ ಹಾಕಿ ಕೈ ಮುಗಿದರು. ಬೋರೇಗೌಡರು ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

'ಬೀಗ್ರೆ, ಇದ್ರಲ್ಲಿ ಒಂದ್ ಎಕರೆಗಾದ್ರೂ ನೀರ್ ಹಾಯ್ಸಾಕಾದದಾ?'

'ಇಲ್ಲ.'

'ಮತ್ಯಾಕೆ ಇಷ್ಟೊಂದು?'

ನಾನು ಚಾಪೆಯ ಸುರುಳಿ ಎತ್ತಿಕೊಂಡೆ. 

ಮರಳಿನ ಮೇಲೆ ಚಾಪೆ ಹಾಸಿ, ಸಾಲಾಗಿ ಎಲೆ ಹಾಕಿದೆವು. ಗಾಳಿಗೆ ಎಲೆ ಹಾರದಿರಲೆಂದು ಒಂದೊಂದರ ತುದಿಗೂ ಕಪ್ಪೆಚಿಪ್ಪು ಇಟ್ಟೆ. ನನಗೇ ಮೆಚ್ಚಿಕೆಯಾಯಿತು. ಅಷ್ಟರಲ್ಲಿ ದಾರಿ ತಪ್ಪಿ ಆ ಕಡೆ ಬಂದ ನಡೆಯುವ ಹೆಂಗಸೊಬ್ಬರು, ರೇಷ್ಮೆ ಸೀರೆ, ಕ್ಯಾನ್ವಾಸ್ ಬೂಟು, ನೆಲದ ಮೇಲೆ ಕೂತ ನಮ್ಮ ಬೀಗರ ಸಾಲನ್ನು ಕನಿಕರದಿಂದ ನೋಡಿ, 'ಅನ್ನದಾನಮಾ?' ಎಂದರು. ನಾನು ಹೌದೂ ಅಲ್ಲದ, ಅಲ್ಲವೂ ಅಲ್ಲದ ತಲೆ ಆಡಿಸಿದೆ. 'ರೊಂಬ ನಲ್ಲ ಕಾರಿಯಂ' ಎಂದು ಕೈ ಮುಗಿದು ಹೋದರು.

'ಏನಂದ್ರು?' ಎಂದರು ಬೋರೇಗೌಡರು.

'ಬಾಳ ಒಳ್ಳೇ ಕೆಲ್ಸ ಅಂದ್ರು.'

'ಮತ್ತೆ! ಬೀಗರೂಟ ಅಂದ್ರೆ ಸುಮ್ನೇನಾ?'

ಸಾರು ಬಂತು. ಬಾಯಲ್ಲಿ ನೀರೂರುವ ಸಾರು, ನಿಂಗಣ್ಣನ ಕೈಗೆ ಬಂಗಾರದ ಬಳೆ ತೊಡಿಸಬೇಕು. ಮುದ್ದೆ ಬಂತು, ಹೊಳೆಯುವ, ಬಿರುಕಿಲ್ಲದ ಮುದ್ದೆ. ಬೋರೇಗೌಡರು ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದರು. ಮುದ್ದೆಯನ್ನು ಅಗಿಯುವ ಪದ್ಧತಿ ಇಲ್ಲವಾದ್ದರಿಂದ ನಾಲಿಗೆ ಸುದ್ದಿ ಮುಟ್ಟಿಸುವುದರೊಳಗೆ ಅದು ಗಂಟಲು ದಾಟಿತ್ತು. ಅವರ ಕಣ್ಣು ಅಗಲವಾದವು. ಸಾಲಿನುದ್ದಕ್ಕೂ ಕಣ್ಣುಗಳು ಅಗಲವಾದವು. ಒಂದು ಮಗು ಥೂ ಎಂದಿತು.

ನಾನು ದೋಣಿಯ ಹಿಂದಕ್ಕೆ ಓಡಿ ಒಲೆಯ ಮುಂದಿದ್ದ ನಿಂಗಣ್ಣನ ಕೊರಳಪಟ್ಟಿ ಹಿಡಿದೆ. 'ಏನ್ ಹಾಕ್ದ್ಯೋ ಮುದ್ದೆಗೆ?'

'ಕುಡದಾಗಿದ್ ನೀರು ಸಾರಿಗೇ ಆಗೋಯ್ತು ಭಾವ. ಅದ್ಕೆ ಎಸ್ರಿಗೆ ಇಲ್ಲಿಂದ್ಲೇ ಎತ್ಕಂಡೆ' ಎಂದು ಅಲೆಯ ಕಡೆ ತೋರಿಸಿದ.

'ಸಮುದ್ರದ ನೀರು ಉಪ್ಪು ಅಂತ ಗೊತ್ತಿಲ್ವೇನ್ಲಾ ನಿಂಗೆ?'

'ಗೊತ್ತು ಕಣ್ ಭಾವ. ಎಸ್ರಿಗೆ ಒಂದ್ ಚಿಟಿಕೆ ಉಪ್ಪು ಹಾಕದೇ ಅಲ್ವಾ, ಅದು ಉಳೀತು ಅಂದ್ಕಂಡೆ. ಇಷ್ಟ್ ಉಪ್ಪು ಅಂತ ಯಾರ್ ಕಂಡಿದ್ರು?'

ಹೊಳೆಯವನ ತಪ್ಪು. ದಂಡೆಯಲ್ಲಿ ಅಡುಗೆ ಮಾಡುವವನು ಕೈ ಚಾಚಿ ನೀರು ತೆಗೆದುಕೊಂಡ, ಅಷ್ಟೆ. ನಾನು ಮರಳಿ ಸಾಲಿನ ಮುಂದೆ ಹೋಗಿ ನಿಂತೆ. ಸುಜಾತ ನೆಲ ನೋಡುತ್ತಿದ್ದಳು. ಎಲ್ಲರೂ ಬೋರೇಗೌಡರ ಬಾಯಿಯನ್ನೇ ನೋಡುತ್ತಿದ್ದರು, ಎಂಥದು ಹೊರಡುತ್ತದೋ ಎಂದು. ಅವರು ನಿಧಾನವಾಗಿ ನೀರು ಕುಡಿದು ಮೀಸೆ ಒರೆಸಿಕೊಂಡರು.

'ಬೀಗ್ರೆ. ಸಮುದ್ರ ನೋಡಾನ ಅಂತ ಬಂದ್ವಿ. ರುಚಿನೂ ತೋರಿಸ್ಬುಟ್ರಿ.'

ಇಡೀ ಸಾಲು ಭೋರೆಂದು ನಕ್ಕಿತು. 'ನಮ್ ಬೀಗ್ರು ಇನ್ಮ್ಯಾಕೆ ಉಪ್ಪೇ ಕೊಳ್ಳಂಗಿಲ್ಲ ಬುಡಿ!' 'ಈ ಮುದ್ದೆ ಒಂದಿದ್ರೆ ಉಪ್ಪಿನ್ಕಾಯಿ ಹಾಕ್ಬೋದು ಕಣ್ಲಾ!' ಮುದ್ದೆ ಪಕ್ಕಕ್ಕೆ ಹೋಯಿತು, ಜಯಮ್ಮ ಮನೆಯಿಂದ ತಂದಿದ್ದ ಅನ್ನ ಬಂತು, ಸಾರು ತಳ ಕಂಡಿತು. ಹಂಗಿಸಿದರು, ಬೆರಳು ನೆಕ್ಕಿದರು, ಮತ್ತೆ ಹಂಗಿಸಿದರು. ನನ್ನ ಎದೆ ಹಗುರವಾಯಿತು. ಮುದ್ದೆ ಕೆಟ್ಟಿತ್ತು, ಊಟ ಕೆಟ್ಟಿರಲಿಲ್ಲ. ನಮ್ಮ ಕಡೆ ನಗು ಎದ್ದ ಮೇಲೆ ಆ ವಿಚಾರ ಮುಗಿದಂತೆ. ಬಡಿಸಿದ ನಮಗೆ ಮಾತ್ರ ಒಂದು ತುಂಡೂ ಉಳಿಯಲಿಲ್ಲ.

ಚೀಲಗಳನ್ನು ತೆಗೆದುಕೊಳ್ಳಲು ಎಲ್ಲರೂ ಮನೆಗೆ ಬಂದಾಗ ಗೇಟಿನಲ್ಲಿ ಸೌಂದರರಾಜನ್ ದಂಪತಿಗಳು ನಿಂತಿದ್ದರು. ಆಕೆ ಹೆಂಗಸರಿಗೆಲ್ಲ ಕುಂಕುಮ, ವೀಳ್ಯದೆಲೆ, ಕಲ್ಲುಸಕ್ಕರೆ ಕೊಟ್ಟರು. ಯಜಮಾನರು ಬೋರೇಗೌಡರ ಕೈ ಹಿಡಿದುಕೊಂಡರು. ಕುರಿಯ ಸಾರು ಉಂಡು, ಮರಳಿನಲ್ಲಿ ಉಜ್ಜಿ ತೊಳೆದ ಕೈ.

'ನಾಗಮಂಗಲ ಕಡೆಯವರಾ? ಅದೂ ಮೇಲುಕೋಟೆ ಪಕ್ಕವೇ. ಬೀಚಿನಲ್ಲಿ ಏನು ಊಟ ಆಯಿತು?'

'ಮುದ್ದೆ ಸ್ವಾಮಿ' ಎಂದರು ಬೋರೇಗೌಡರು.

'ಭೇಷ್. ಸಾತ್ವಿಕ ಆಹಾರ. ನೋಡಿ, ನಿಮ್ಮ ಸಂಬಂಧಿಗಳು ಚೊಕ್ಕ ಬಂಗಾರ. ಇಷ್ಟು ವರ್ಷದಲ್ಲಿ ಮಹಡಿಯಿಂದ ಒಂದು ಮೊಟ್ಟೆಯ ವಾಸನೆ ಬಂದದ್ದಿಲ್ಲ. ಈ ಕಾಲದಲ್ಲಿ ಇಂಥ ಸಂಸಾರ ಸಿಗೋದುಂಟಾ?'

ಮಟಾಡೋರಿನ ಬಾಗಿಲಲ್ಲಿ ಗಲಾಟೆ ನಿಂತಿತು. ಬೋರೇಗೌಡರು ನನ್ನ ಕಡೆ ತಿರುಗಿದರು. 'ನೀವು ತಿನ್ನಾಕಿಲ್ವಾ ಬೀಗ್ರೆ?'

ನಾನು ಬಾಯಿ ತೆರೆಯುವುದರೊಳಗೆ ಯಜಮಾನರು, 'ಛೆ ಛೆ, ಇವರು ಮುಟ್ಟೋದೇ ಇಲ್ಲ' ಎಂದರು, ನನ್ನ ಭುಜದ ಮೇಲೆ ಕೈ ಇಟ್ಟು.

ಬೋರೇಗೌಡರು ನನ್ನನ್ನೇ ನೋಡುತ್ತಿದ್ದರು. ನಾನು ತೆರೆದ ಬಾಯಿಯನ್ನು ಮುಚ್ಚಿ, ಕತ್ತು ವಸಿ ಚಾಚಿ, ಸಮುದ್ರದ ಕಡೆ ನೋಡಿದೆ.

'ಹೌದು ಸ್ವಾಮಿ,' ಎಂದರು ಬೋರೇಗೌಡರು ಯಜಮಾನರಿಗೆ, ಆ ದೊಡ್ಡ ಗಂಟಲನ್ನು ಎಲ್ಲಿಟ್ಟರೋ, 'ನಮ್ ಬೀಗ್ರು ಅಂಗೇಯ.' ಆಮೇಲೆ ವ್ಯಾನು ಹತ್ತಿದರು. ಹೊರಡುವಾಗ ಅವರ ಕಡೆಯವರು ಯಾರೂ ಉಪ್ಪಿನ ಮಾತು ತೆಗೆಯಲಿಲ್ಲ. ಎಲ್ಲರೂ ನನಗೆ ಕೈ ಮುಗಿದರು.

ಹಂಗಿಸುತ್ತಿದ್ದ ಬೀಗರು ಇದ್ದಕ್ಕಿದ್ದಂತೆ ಕೈ ಮುಗಿದರೆ ಎಂಥ ಭಯವಾಗುತ್ತದೆಂದು ಹೇಳಲಾರೆ. ಜಯಮ್ಮ ಮಹಡಿ ಮೆಟ್ಟಿಲ ಮೇಲೆ ಕೂತು, 'ಒಂದ್ ಮಾತು ತಿಂತೀವಿ ಅಂದಿದ್ರೆ ಏನ್ ಮನೆಯಿಂದ ಎತ್ತಿ ಎಸೀತಿದ್ರಾ?' ಎಂದಳು. ಎಸೆಯುತ್ತಿರಲಿಲ್ಲ. ಅದು ನನಗೂ ಗೊತ್ತು. ಆ ಮುದುಕರ ಮುಖ ಸಣ್ಣದಾಗುವುದನ್ನು ನೋಡಲಾರದೆ ಸುಮ್ಮನಾದೆನೋ, ನನ್ನ ಮುಖ ಸಣ್ಣದಾಗುವುದನ್ನು ಅವರಿಗೆ ತೋರಿಸಲಾರದೆ ಸುಮ್ಮನಾದೆನೋ, ಯೋಚಿಸಿದಷ್ಟೂ ಮುಖ ಬಿಸಿಯಾಗುತ್ತದೆ.

ಹೊಸ ದಂಪತಿಗಳ ಮೊದಲ ಯುಗಾದಿಗೆ ಬೆಳ್ಳೂರಿನಿಂದ ಕರೆ ಬಂತು. ಯುಗಾದಿ ಎಂದರೆ ನಮ್ಮ ಕಡೆ ಎರಡು ದಿನ. ಮೊದಲ ದಿನ ಬೇವುಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು, ಅವತ್ತು ಮಾಂಸ ಬೇಯದ ಒಲೆ ನಮ್ಮವರಲ್ಲಿ ಇಲ್ಲ. ರೈಲಿನಲ್ಲಿ, ಬಸ್ಸಿನಲ್ಲಿ, ದಾರಿಯುದ್ದಕ್ಕೂ ನಾನು ನೆನೆದದ್ದು ಆ ಎರಡನೆಯ ದಿನವನ್ನೇ. ಬಾಗಿಲು ತೆರೆದಿಟ್ಟು ಬೇಯಿಸಿದ್ದನ್ನು, ಗೋಡೆಯ ಕಡೆ ಮುಖ ಮಾಡದೆ, ನಮ್ಮವರ ಸಾಲಿನಲ್ಲಿ ಕೂತು ಉಣ್ಣುತ್ತೇನೆ. ಬೋರೇಗೌಡರು ಮನಸಾರೆ ಹಂಗಿಸಲಿ. ಎಲ್ಲವೂ ಸರಿಹೋಗುತ್ತದೆ.

ಹೊಸತೊಡಕಿನ ಬೆಳಗ್ಗೆ ಸುಜಾತ ಹಿತ್ತಲಿನಲ್ಲಿ ನನ್ನನ್ನು ಒಬ್ಬಂಟಿಯಾಗಿ ಹಿಡಿದಳು. ಕೈಗೆ ಮಸಾಲೆ ಮೆತ್ತಿತ್ತು, ಮುಖಕ್ಕೆ ಕಳೆ ಬಂದಿತ್ತು.

'ಅಪ್ಪಾ, ಅತ್ತೆ ನಿಮ್ಗೂ ಅಮ್ಮಂಗೂ ಅಂತ ಬ್ಯಾರೆ ಒಲೆ ಹಚ್ಚವ್ರೆ. ಹೊಸ ಪಾತ್ರೆ ತರ್ಸವ್ರೆ. ನಮ್ ಬೀಗ್ರು ಮದ್ರಾಸ್ನಲ್ಲಿ ಎಲ್ಲಾ ಬುಟ್ಬುಟ್ಟವ್ರೆ, ಆದ್ರೂ ನಮ್ಗೋಸ್ಕರ ಕೈಯಾರೆ ಬಡಿಸಿದ್ರು ಅಂತ ಊರಿಗೆಲ್ಲ ಏಳವ್ರೆ. ನಾ ಏನಂತ ಏಳ್ಲಿ?'

'ನೀನೇನಂದೆ?'

'ಅಪ್ಪ ಅಂಗೇ ಅಂದೆ.'

ಬೀಗರೂಟದ ದಿನ ನಾನು ಉಂಡದ್ದನ್ನು ಅವರು ಯಾರೂ ಕಂಡಿರಲಿಲ್ಲ. ಉಣ್ಣಬಾರದೆಂಬ ನಮ್ಮದೇ ಪದ್ಧತಿ ನನ್ನ ವಿರುದ್ಧ ಸಾಕ್ಷಿ ಹೇಳಿತ್ತು.

ಪಡಸಾಲೆಯಲ್ಲಿ ಎಲೆ ಹಾಕಿದರು. ಊರಿನ ಹಿರಿಯರೆಲ್ಲ ಬಂದಿದ್ದರು. ನನ್ನನ್ನು ಸಾಲಿನ ತಲೆಯಲ್ಲಿ, ಬೋರೇಗೌಡರ ಪಕ್ಕಕ್ಕೆ ಕೂರಿಸಿದರು. ಹೆಂಗಸರ ಸಾಲಿನಲ್ಲಿ, ನನ್ನ ದೆಸೆಯಿಂದ ಸಾತ್ವಿಕಳಾಗಬೇಕಾಗಿ ಬಂದ ಜಯಮ್ಮ ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು. ಬೀಗಿತ್ತಿ ಹೊಸ ಪಾತ್ರೆಯಿಂದ ಅವರೆಬೇಳೆಯ ಸಾರು ತಂದು ನನ್ನ ಎಲೆಗೆ ಬಡಿಸಿ, ತುಪ್ಪ ಸುರಿದರು. 'ಬ್ಯಾರೆ ಒಲೇಲೇ ಮಾಡಿವ್ನಿ ಬೀಗ್ರೆ. ಸೌಟೂ ಸೋಕಿಲ್ಲ. ನಿಸೂರಾಗಿ ಉಣ್ಣಿ.' ಯಾರೂ ಹಂಗಿಸಲಿಲ್ಲ. ಎದುರು ಸಾಲಿನ ಮುದುಕರೊಬ್ಬರು, 'ದೊಡ್ಡ್ ಊರ್ನಲ್ಲಿದ್ರೂ ನೇಮ ಮಡಗವ್ರೆ, ಮೆಚ್ಬೇಕು' ಎಂದು ಪಕ್ಕದವರಿಗೆ ಹೇಳಿದರು. ಬೆಸೆಂಟ್ ನಗರದಲ್ಲಿ ನಾನು ಮೇಲುಕೋಟೆ ಸೀಮೆಯ ದೊಡ್ಡ ಮನುಷ್ಯ. ಮೇಲುಕೋಟೆಯ ಸೀಮೆಗೆ ಬಂದರೆ ಬೆಸೆಂಟ್ ನಗರದ ದೊಡ್ಡ ಮನುಷ್ಯ. ಎರಡು ಊರಿನವರೂ ಮರ್ಯಾದೆ ಕೊಡುತ್ತಿದ್ದಾರೆ. ಅದು ಯಾರಿಗೆ ಸೇರಬೇಕಾದ ಮರ್ಯಾದೆಯೋ ಆ ಮನುಷ್ಯನನ್ನು ನಾನು ಎಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಸುಜಾತ ಕುರಿಸಾರಿನ ಬಕೆಟ್ಟು ಹಿಡಿದು ಸಾಲಿನ ಆ ತುದಿಯಿಂದ ಬಡಿಸುತ್ತಾ ಬಂದಳು. ಅವಳು ಮೊದಲ ಸಲ ಊರಿಗೆಲ್ಲ ಮಾಡಿದ ಸಾರು. ವಾಸನೆಯಲ್ಲೇ ಗೊತ್ತಾಯಿತು, ಹದವಾಗಿತ್ತು. ಎಲೆಯಿಂದ ಎಲೆಗೆ ಬಂದು, ನನ್ನ ಎಲೆ ದಾಟಿ ಹೋಗಬೇಕಾದವಳು ನಿಂತಳು. ಸೌಟು ಎತ್ತಿದಳು.

'ಅಪ್ಪಾ,' ಎಂದಳು ಬಹಳ ಮೆಲ್ಲಗೆ, 'ವಸಿ ಬುಡ್ಲಾ?'

ಬೀಗಿತ್ತಿ ಹೊಸ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

'ಬ್ಯಾಡ ಕಣವ್ವ. ನಂಗಾಗಲ್ಲ.'

ಸುಜಾತ ಮುಂದೆ ಹೋದಳು. ಪಕ್ಕದಲ್ಲಿ ಬೋರೇಗೌಡರು, ಬಾಯಿಯ ಹತ್ತಿರಕ್ಕೆ ಒಯ್ದಿದ್ದ ನಲ್ಲಿಮೂಳೆಯನ್ನು, ನನಗೆ ಕಾಣದಿರಲೆಂದು, ತಮ್ಮ ಎಲೆಯ ಆ ಬದಿಗೆ ಸರಿಸಿಟ್ಟರು.